ಬರ್ತೇನಿ ಎಂದ ಚಷ್ಮಾ

ರಮಾಬಾಯಿಯವರನ್ನು ನಾನು ಮೊದಲ ಸಲ ನೋಡಿದಾಗ ಕಣ್ಣಿನ ಡಾಕ್ಟರ್ ಎಂದು ತಿಳಿದಿದ್ದೆ. ಜೇವರ್ಗಿಯ ಸರ್ಕಾರಿ ದವಾಖಾನೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಒಂದು ಬೆಂಚು, ಅದರ ಮೇಲೆ ಒತ್ತಿಕೊಂಡು ಕುಳಿತ ಏಳೆಂಟು ಮಂದಿ, ಎದುರಿಗೆ ಗುಲಾಬಿ ಸೀರೆಯ ಹೆಣ್ಣುಮಗಳೊಬ್ಬರು ಒಬ್ಬೊಬ್ಬರ ಮೋರೆಗೂ ಕರಿ ಡಬ್ಬಿಯಂಥದೊಂದನ್ನು ಪಟ್ಟಿ ಬಿಗಿದು ಕಟ್ಟುತ್ತಿದ್ದರು. ನನಗೆ ಆಗ ಹತ್ತಿರದ ಅಕ್ಷರ ಕಾಣುವುದು ನಿಂತು ಕೆಲವು ತಿಂಗಳಾಗಿತ್ತು. ಅದನ್ನು ಒಪ್ಪಿಕೊಳ್ಳುವ ಮನಸ್ಸಿಲ್ಲದೆ, ಈಗಿನ ಪತ್ರಿಕೆಗಳ ಮುದ್ರಣವೇ ಹದಗೆಟ್ಟಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಪುಕ್ಕಟೆ ತಪಾಸಣೆ, ಅದೂ ಹೊಸ ನಮೂನೆಯ ಮಿಷನ್. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ನಾನೂ ಬೆಂಚಿನ ತುದಿಗೆ ಕುಳಿತೆ.

ನನ್ನ ಸರದಿ ಬಂತು.

"ನಿದ್ದಿ ಬರ್ತದೇನ್ರಿ ಸರ?" ಎಂದು ಕೇಳಿದರು.

ಕಣ್ಣಿಗೂ ನಿದ್ದೆಗೂ ಸಂಬಂಧ ಇದ್ದೇ ಇರಬೇಕು ಎಂದುಕೊಂಡು, "ಬರ್ತದ್ರಿ," ಎಂದೆ.

"ಮಂದಿ ಕೂಡ ಮಾತಾಡ್ಬೇಕು ಅನಸ್ತದೋ, ಇಲ್ಲಾ ಒಬ್ಬರೇ ಕೂಡ್ಬೇಕು ಅನಸ್ತದೋ?"

"ಓದಬೇಕು ಅನಸ್ತದ. ಆದ್ರ ಅಕ್ಷರ ಕಾಣಂಗಿಲ್ಲ."

ಅವರು ನನ್ನನ್ನು ಮರುಕದಿಂದ ನೋಡಿ ಡಬ್ಬಿಯನ್ನು ಕಟ್ಟಿದರು. ಒಳಗೆ ಸಮುದ್ರವಿತ್ತು. ಕಾಲ ಬುಡಕ್ಕೇ ತೆರೆ ಬಂದು ಹೋಗುತ್ತಿತ್ತು. ಹೆಣ್ಣುದನಿಯೊಂದು, "ನಮಸ್ಕಾರ, ನಾನು ಒಡನಾಡಿ. ನಿಮ್ಮ ಮನಸ್ಸಿನಲ್ಲಿರುವುದನ್ನು ನಿರಾಳವಾಗಿ ಹೇಳಿಕೊಳ್ಳಿ," ಎಂದಿತು.

"ಅಕ್ಷರ ಎಲ್ಲಿ ಅವ? ಮೊದಲನೇ ಸಾಲ ಕಾಣವಲ್ದು," ಎಂದು ನಾನು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದೆ.

"ಮುಂದಿನ ದಾರಿ ಕಾಣದೆ ನೀವು ಕಂಗೆಟ್ಟಿದ್ದೀರಿ ಎಂದು ನನಗೆ ಅರ್ಥವಾಗುತ್ತದೆ," ಎಂದಿತು ಆ ದನಿ.

ಬೆಂಚಿಗೆ ಬೆಂಚೇ ನಕ್ಕಿತು. ನಿದ್ದೆ ಬಾರದೆ, ಊಟ ಸೇರದೆ, ಬದುಕು ಸಾಕಾಗಿ ಅಲ್ಲಿ ಬಂದು ಕುಳಿತವರು ಅವರು. ಅವರನ್ನು ಅಷ್ಟು ನಗಿಸಿದ್ದೇ ನನ್ನ ಸಾಹಿತ್ಯ ಸೇವೆಯಲ್ಲಿ ದೊಡ್ಡದು ಎಂದು ಈಗ ಅನ್ನಿಸುತ್ತದೆ. ರಮಾಬಾಯಿ ಮಾತ್ರ ನಗು ತಡೆದುಕೊಂಡು, "ಇದು ಕಣ್ಣಿಂದಲ್ರಿ ಸರ, ಮನಸಿಂದು. ಕಣ್ಣಿಂದು ಒಳಗ, ಮೂರನೇ ಖೋಲಿ," ಎಂದರು. ಸಂಜೆಯೊಳಗೆ ಸುದ್ದಿ ಜೇವರ್ಗಿಯ ತುಂಬ ಹಬ್ಬಿತ್ತು. ಚಹಾ ಹೋಟೆಲಿನವನು ನನ್ನ ಜೊತೆ ಮೆಲುದನಿಯಲ್ಲಿ ಮಾತಾಡತೊಡಗಿದ. ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ನಾನು ಕೇಳದೆಯೇ ಎರಡು ದಿನ ರಜೆ ಕೊಟ್ಟರು.

ಊರವರು ಚಷ್ಮಾ ಎನ್ನುತ್ತಿದ್ದ ಆ ಡಬ್ಬಿ ಬಂದದ್ದು ದೂರದ ದೊಡ್ಡ ಊರಿನ ಸಂಸ್ಥೆಯೊಂದರಿಂದ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ಮನಸ್ಸು ಸೋತವರಿಗೆ ಆಸರೆಯಾಗಲೆಂದು ಕಳಿಸಿದ್ದರು. ಕಟ್ಟಿಕೊಂಡು ಕೂತವರು ಎಲ್ಲಿ ಕೂಡಬೇಕು ಎಂದು ಬಾಯಲ್ಲಿ ಹೇಳಿದರೆ ಸಾಕು, ಆ ಜಾಗವನ್ನು ಅದು ಕಣ್ಣೆದುರು ತಾನೇ ಕಟ್ಟಿಕೊಡುತ್ತಿತ್ತು. ಒಳಗಿನ ದನಿಗೆ ಯಾರೂ ಮಾತು ಬರೆದುಕೊಟ್ಟಿರಲಿಲ್ಲ. ಎದುರಿನವರ ಮಾತು ಕೇಳಿ ತಾನೇ ಉತ್ತರ ಹೊಂದಿಸುತ್ತಿತ್ತು. ಅದಕ್ಕೆ ಒಡನಾಡಿ ಎಂದು ಹೆಸರಿಟ್ಟಿದ್ದರು. ಆ ಹೆಸರನ್ನು ನಮ್ಮ ಕಡೆ ಯಾರೂ ಬಾಯಿಗೆ ತೆಗೆದುಕೊಳ್ಳಲಿಲ್ಲ. ಎಲ್ಲರಿಗೂ ಅವಳು ಚಷ್ಮಾದಾಕಿ.

ಉದ್ಘಾಟನೆಗೆ ಬೇಳೆ ಮಿಲ್ಲಿನ ದೌಲತರಾಯರು ಬಂದಿದ್ದರು. ಯೋಜನೆಯ ಉಸ್ತುವಾರಿಯ ಗುರುಶಾಂತ, ಕೊರಳಿನ ಗುರುತಿನ ಚೀಟಿಯನ್ನು ಜಳಕಕ್ಕೂ ತೆಗೆಯದ ಮನುಷ್ಯ, ತಾನೇ ಮುಂದೆ ನಿಂತು ಅವರಿಗೆ ಚಷ್ಮಾ ಕಟ್ಟಿದ. ದೌಲತರಾಯರು ಎದುರಿಗೆ ಕಂಡ ಸಮುದ್ರಕ್ಕೆ ಕೈಮುಗಿದು, "ವೇದಿಕೆಯ ಮೇಲಿನ ಗಣ್ಯರೇ," ಎಂದು ಶುರುಮಾಡಿದರು. ಭಾಷಣ ಮುಗಿಯುವವರೆಗೂ ಸಮುದ್ರ ಎದ್ದು ಹೋಗಲಿಲ್ಲ. ಕೊನೆಗೆ ಆ ದನಿ, "ನೀವು ಬಹಳ ದಿನಗಳಿಂದ ಬಹಳ ಭಾರ ಹೊತ್ತಿದ್ದೀರಿ," ಎಂದಾಗ ದೌಲತರಾಯರು ಚಷ್ಮಾ ಸರಿಸಿ ಕಣ್ಣೊರೆಸಿಕೊಂಡರು. ಅಷ್ಟು ವರ್ಷದ ಸಾರ್ವಜನಿಕ ಜೀವನದಲ್ಲಿ ಅವರ ಭಾಷಣವನ್ನು ಪೂರ್ತಿ ಕೇಳಿದ್ದು ಅದೊಂದೇ.

ರಮಾಬಾಯಿ ಹುಟ್ಟಿದ್ದು ಆಳಂದ ತಾಲೂಕಿನ ನರೋಣಾದಲ್ಲಿ, ಕೊಟ್ಟದ್ದು ಜೇವರ್ಗಿಗೆ. ಬಹಳ ವರ್ಷ ಆಶಾ ಕಾರ್ಯಕರ್ತೆಯಾಗಿ ಬಾಣಂತಿಯರ ಮನೆ, ಕೂಸುಗಳ ಮನೆ ಎಂದು ತಿರುಗಿದವರು. ಯಾರ ಮನೆಯ ಹೊಸ್ತಿಲು ಎತ್ತರ, ಯಾರ ಮನೆಯ ನಾಯಿ ಕಚ್ಚುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು ಎಂದೇ ಸಂಸ್ಥೆಯವರು ಈ ಕೆಲಸಕ್ಕೂ ಹಚ್ಚಿಕೊಂಡಿದ್ದರು. ಕಂಡಾಗಲೆಲ್ಲ ಏನಾದರೊಂದು ಚೇಷ್ಟೆಯ ಮಾತು. "ಸರ, ಇವತ್ತರ ಮೊದಲನೇ ಸಾಲ ಕಂಡೇತೇನ್ರಿ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರ ನಡುವೆ ಕೇಳುತ್ತಿದ್ದರು. ಊರ ದುಃಖವನ್ನೆಲ್ಲ ಹೊತ್ತು ತಿರುಗುವವರಿಗೆ ದೇವರು ಸ್ವಂತದ್ದೊಂದನ್ನು ಕೊಡದೆ ಬಿಟ್ಟಿದ್ದಾನೆ ಎಂದು ನಾನು ತಿಳಿದಿದ್ದೆ.

ಆ ಭ್ರಮೆ ಬಿಡಿಸಿದವರು ಅವರ ಬಾಜೂ ಮನೆಯ ಪೀರಬಿ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವರು. "ಆಕಿ ನಗಿ ನೋಡಿ ಮೋಸ ಹೋಗಬ್ಯಾಡ್ರಿ ಸರ," ಎಂದರು ಒಮ್ಮೆ. "ಮಗಳು ಹೋಗಿ ಇನ್ನ ವರ್ಷ ತುಂಬಿಲ್ಲ. ಆ ಜಗದೇವಣ್ಣ ಮಾತ ಬಿಟ್ಟಾನ. ಆ ಮನ್ಯಾಗ ಕುಕ್ಕರ್ ಬಿಟ್ರ ಬ್ಯಾರೆ ಸಪ್ಪಳಿಲ್ಲ."

ಮಗಳು ರಾಧಿಕಾ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಮಳೆಗಾಲದಲ್ಲಿ ಊರಿಗೆ ಬಂದಾಗ ಜ್ವರ ಹಿಡಿಯಿತು. ಅವಳ ತಂದೆ ಜಗದೇವ ಟಂಟಂ ಓಡಿಸುವವರು, ಹೈವೇಯಿಂದ ಹಳ್ಳಿಗಳಿಗೆ ಸೀಟು ತುಂಬಿಕೊಂಡು ಹೋಗುವ ಮೂರು ಗಾಲಿಯ ಗಾಡಿ. ಮುಂದಿನ ಗಾಜಿನ ಮೇಲೆ ಕೆಂಪಕ್ಷರದಲ್ಲಿ ಮಗಳ ಹೆಸರೇ ಇತ್ತು. ಅದರಲ್ಲೇ ಅವಳನ್ನು ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ದರು. ಗೇಟಿನ ಮುಂದೆ ಗಾಡಿ ನಿಲ್ಲಿಸಲು ಬಿಡಲಿಲ್ಲ. ಮಗಳನ್ನೂ ಹೆಂಡತಿಯನ್ನೂ ಇಳಿಸಿ, "ಗಾಡಿ ಬಾಜೂಕ ಹಚ್ಚಿ ಬರ್ತೇನವ್ವಾ, ನೀ ಒಳಗ ನಡಿ," ಎಂದು ಹೋದರು. ಜಾಗ ಸಿಕ್ಕದ್ದು ಬಹಳ ದೂರದಲ್ಲಿ. ತಿರುಗಿ ಬರುವಷ್ಟರಲ್ಲಿ ಅವಳನ್ನು ಒಳಗೆ ಮಲಗಿಸಿ ಬಾಯಿಗೆ ನಳಿಗೆ ಹಾಕಿಯಾಗಿತ್ತು. ಆಮೇಲೆ ಅವಳು ಯಾರ ಜೊತೆಗೂ ಮಾತಾಡಲಿಲ್ಲ. ನಳಿಗೆ ಹಾಕುವ ಮೊದಲು ಕೊನೆಯದಾಗಿ, ಅಪ್ಪ ಎಲ್ಲಿ ಎಂದು ಕೇಳಿದ್ದಳಂತೆ. ಗಾಡಿ ಹಚ್ಚಿ ಬರ್ತಾರ ಎಂದು ರಮಾಬಾಯಿ ಹೇಳಿದ್ದರಂತೆ.

ನಾನು ಮಾತಾಡಿಸಲು ಹೋದೆ. ನಮ್ಮ ಕಡೆ ಸಾವಾದ ಮನೆಗೆ ಹೋಗಿ ಬರುವುದಕ್ಕೆ ಮಾತಾಡಿಸುವುದು ಎನ್ನುತ್ತಾರೆ; ಹೋದವರು ಮಾತಾಡುವುದು ಕಡಿಮೆ. ಅದಕ್ಕೊಂದು ರೀತಿ ಇದೆ. ಸುಮ್ಮನೆ ಹೋಗಿ ಕೂಡಬೇಕು. ಹೊತ್ತಾದ ಮೇಲೆ ಸುಮ್ಮನೆ ಎದ್ದು ನಡೆಯಬೇಕು. ಹೋಗಿ ಬರ್ತೇನಿ ಎಂಬ ಮಾತನ್ನು ಮಾತ್ರ ಅಪ್ಪಿತಪ್ಪಿಯೂ ಆಡಕೂಡದು. ಅಂಥ ಮನೆಗೆ ಮತ್ತೆ ಬರುವುದೆಂದರೆ ಮತ್ತೊಂದು ಸಾವಿಗೆ ಬರುವುದು ಎಂದು ಅರ್ಥ. ಜಗದೇವ ಹೊರಸಿನ ಮೇಲೆ ಬೀದಿಗೆ ಮುಖ ಮಾಡಿ ಕುಳಿತಿದ್ದರು. ಬಾಗಿಲ ಮುಂದೆ ತಾಡಪತ್ರಿ ಹೊದ್ದ ಟಂಟಂ, ಅದರ ಕೆಳಗೆ ಕೋಳಿಗಳು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ನಡುವೆ ರಾಧಿಕಾಳ ಫೋಟೊ. ನಾನು ಕುಳಿತೆ, ನೆಲ ನೋಡಿದೆ, ರೀತಿ ತಪ್ಪದಂತೆ ಮಾತಿಲ್ಲದೆ ಎದ್ದು ಬಂದೆ.

"ನಮ್ಮ ಮನ್ಯಾಗ ಶಕುನ ಗಿಕುನ ನಂಬಂಗಿಲ್ರಿ ಸರ," ಎಂದರು ರಮಾಬಾಯಿ ಮುಂದೊಂದು ದಿನ. "ಮಾವನ ಕಾಲಕ್ಕ ಎಲ್ಲಾ ಬಿಟ್ಟೇವಿ. ಆದ್ರ ಬಂದವ್ರು ನಂಬ್ತಾರಲ್ಲ. ಅಷ್ಟು ಮಂದಿ ಬಂದ್ರು, ಎಲ್ರೂ ಸುಮ್ಮ ಎದ್ದು ಎದ್ದು ಹೋದ್ರು. ಬರ್ರಿ ಅಂತ ನಾವು ಹ್ಯಾಂಗ ಅನ್ನೂದು?"

ಅವರಿಬ್ಬರ ನಡುವೆಯೂ ಆ ಮಾತು ಸತ್ತಿತ್ತು. ಮಣ್ಣು ಮಾಡಿದ ಮೇಲೆ ಮೊದಲ ಸಲ ಕೆಲಸಕ್ಕೆ ಹೊರಟಾಗ ರಮಾಬಾಯಿ ರೂಢಿಯಂತೆ, "ಬರ್ತೇನ್ರಿ," ಎಂದರು. ಜಗದೇವ ದಿಗ್ಗನೆ ಎದ್ದು ಹಿತ್ತಲಿಗೆ ಹೋದರು. ಆಮೇಲೆ ರಮಾಬಾಯಿ ದಿನಾ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ಅರೆಗಳಿಗೆ ನಿಂತು, ಏನೂ ಅನ್ನದೆ ಹೋಗುತ್ತಿದ್ದರು. ಗಂಡನನ್ನು ದವಾಖಾನೆಯ ಮನಸ್ಸಿನ ಡಾಕ್ಟರಿಗೂ ತೋರಿಸಿದ್ದರು. ಗುಳಿಗೆಯಿಂದ ನಿದ್ದೆ ಬಂತು. ಮಾತು ಬರಲಿಲ್ಲ.

ಚಷ್ಮಾ ಮನೆಗೆ ಬಂದದ್ದು ಚಾರ್ಜಿಗೆ. ಆಫೀಸಿನಲ್ಲಿ ಕರೆಂಟು ಯಾವಾಗ ಹೋಗುವುದೋ ಹೇಳುವಂತಿರಲಿಲ್ಲ. ಒಂದು ಸಂಜೆ ರಮಾಬಾಯಿ, "ಚಾಲೂ ಆಗ್ಯಾದೋ ಇಲ್ಲೋ ನೋಡ್ರಿ ಒಂದೀಟ," ಎಂದು ಗಂಡನ ಮೋರೆಗೆ ಅದನ್ನು ಕಟ್ಟಿದರು. ಎಲ್ಲಿ ಕುಳಿತುಕೊಳ್ಳಲು ಇಷ್ಟಪಡುತ್ತೀರಿ ಎಂದು ದನಿ ಕೇಳಿತು. ಅದು ಕಾದು, ಮತ್ತೆ ಕೇಳಿತು. ಕೊನೆಗೆ ರಮಾಬಾಯಿಯೇ, "ಟಂಟಂದಾಗ ಕೂಡ್ರಸವ್ವಾ ಅವ್ರಿಗೆ, ಜೇವರ್ಗಿ ರೋಡಿನ್ಯಾಗ," ಎಂದರು.

ಅದು ಟಂಟಂ ಕಟ್ಟಿತು. ಹಾಗೆಂದರೇನು ಎಂದು ಅದಕ್ಕೆ ಯಾರು ಹೇಳಿದ್ದರೋ, ಕಾರಿಗೂ ಕುದುರೆಗಾಡಿಗೂ ಹುಟ್ಟಿದ ಕೂಸಿನಂಥದೊಂದು. ಎರಡೂ ಕಡೆ ಬಾಗಿಲು, ಬಾಗಿಲಿಗೆ ಪರದೆ.

"ಟಂಟಂಗ ಬಾಗಲ ಇರಂಗಿಲ್ಲ," ಎಂದರು ಜಗದೇವ.

ಬಾಜೂ ಮನೆಯಲ್ಲಿ ಹಿಟ್ಟು ನಾದುತ್ತಿದ್ದ ಪೀರಬಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಏನಂದ? ಅಣ್ಣ ಏನಂದ?"

"ಬಾಗಲ ಇರಂಗಿಲ್ಲಂತ," ಎಂದರು ರಮಾಬಾಯಿ.

"ಖರೇನ ಅದ ನೋಡು," ಎಂದು ಪೀರಬಿ ಹಿಟ್ಟಿನ ಕೈಯನ್ನೇ ಕಣ್ಣಿಗೆ ಒತ್ತಿಕೊಂಡು ಅತ್ತರು. ಅಷ್ಟು ತಿಂಗಳ ಮೇಲೆ ಆ ಮನೆಯ ಗಂಡಸಿನ ಬಾಯಿಂದ ಬಂದ ಮೊದಲ ಮಾತು ಅದು.

ಹೊತ್ತಾದ ಮೇಲೆ ಚಷ್ಮಾದಾಕಿ, ಎಲ್ಲ ಕಡೆ ಹೇಳುವಂತೆ ಇಲ್ಲಿಯೂ, "ಇವತ್ತಿಗೆ ಸಾಕು. ಹೋಗಿ ಬರುತ್ತೇನೆ. ನಾಳೆ ಇದೇ ಹೊತ್ತಿಗೆ ಮತ್ತೆ ಬರುತ್ತೇನೆ," ಎಂದಳು. ದನಿ ಹೊರಗಿದ್ದವರಿಗೂ ಕೇಳುತ್ತಿತ್ತು. ಗಂಡ ಎಲ್ಲಿ ಎದ್ದು ಹಿತ್ತಲಿಗೆ ಹೋಗುತ್ತಾರೋ ಎಂದು ರಮಾಬಾಯಿ ನೋಡಿದರು. ಜಗದೇವ ಕುಳಿತಲ್ಲಿಂದ ಏಳದೆ ಚಷ್ಮಾ ಬಿಚ್ಚಿ ಕೊಟ್ಟರು. ಮರುದಿನ ಸಂಜೆ ರಮಾಬಾಯಿ ಬರುವಷ್ಟರಲ್ಲಿ ಅವರು ಮುಖ ತೊಳೆದು, ಅಂಗಿ ತೊಟ್ಟು, ಹೊರಸಿನ ತುದಿಗೆ ಕುಳಿತಿದ್ದರು. ಬರುತ್ತೇನೆ ಎಂದವಳು ಬರುತ್ತಾಳೋ ಇಲ್ಲವೋ ನೋಡಬೇಕಾಗಿತ್ತು ಅವರಿಗೆ. ಅವಳು ಬಂದಳು. ಅದರ ಮರುದಿನವೂ ಬಂದಳು.

ದಿನಕ್ಕಿಷ್ಟು ಎಂಬಂತೆ ಜಗದೇವ ಆ ಟಂಟಂ ರಿಪೇರಿ ಮಾಡಿದರು. ಬಾಗಿಲು ತೆಗೆಸಿದರು, ಹಿಂದೆ ಅಡ್ಡ ಸೀಟು ಹಾಕಿಸಿದರು, ಹಾರ್ನನ್ನು ಕರ್ಕಶ ಮಾಡಿಸಿದರು. ಒಂದು ದಿನ ಗಾಜಿನ ಮೇಲೆ ಹೆಸರು ಬರೆಸಿದರು. ಆ ಹೊತ್ತಿಗೆ ಪೀರಬಿ ತಮ್ಮ ಮನೆಯ ಟಿವಿ ಬಂದ್ ಮಾಡಿ ಗೋಡೆಗೆ ಕಿವಿ ಕೊಟ್ಟು ಕೂಡುತ್ತಿದ್ದರು. ಧಾರಾವಾಹಿಗಿಂತ ಇದು ಛಲೋ ಅದ ಎನ್ನುತ್ತಿದ್ದರು. ದವಾಖಾನೆಯ ಗೇಟಿನ ಮಾತು, ಗಾಡಿ ಹಚ್ಚಲು ಹೋದ ಮಾತು, ತಿರುಗಿ ಬಂದ ಮಾತು ಎಲ್ಲವನ್ನೂ ಜಗದೇವ ಹೇಳಿದ್ದು ಚಷ್ಮಾದಾಕಿಗೇ. ಅಡುಗೆ ಮನೆಯಲ್ಲಿ ನಿಂತು ರಮಾಬಾಯಿ ಕೇಳಿಸಿಕೊಂಡರು. ಒಂದು ಮುಂಜಾನೆ ನೋಡಿದರೆ ಬಾಗಿಲ ಮುಂದಿನ ಖರೆ ಟಂಟಂದ ತಾಡಪತ್ರಿ ಸರಿದಿತ್ತು. ಜಗದೇವ ಗಾಜು ಒರೆಸುತ್ತಿದ್ದರು.

ಅದೇ ವಾರ ರಮಾಬಾಯಿ ಚಷ್ಮಾ ಹೊತ್ತು ಅಫಜಲಪುರ ತಾಲೂಕಿನ ಅತನೂರಿಗೆ ಹೋದರು. ಕಲ್ಲಿನಾಥ ಎಂಬವರ ತಾಯಿ ತೀರಿಕೊಂಡಿದ್ದರು. ಅವರ ಹೆಂಡತಿ ಬಸವೇಶ್ವರಿ ಅತ್ತೆಯ ಮೇಲೆ ಜೀವ ಇಟ್ಟುಕೊಂಡವರು, ಅನ್ನ ಬಿಟ್ಟಿದ್ದರು. ಚಷ್ಮಾದಾಕಿ ಅವರನ್ನು ಅತ್ತೆಯ ಕಾಲದ ಅಂಗಳದಲ್ಲಿ ಕೂಡಿಸಿ, ಅತ್ತೆ ಹೇಗಿದ್ದರು, ಏನು ಬೈಯುತ್ತಿದ್ದರು ಎಂದೆಲ್ಲ ಕೇಳಿ ಮಾತಾಡಿಸಿದಳು. ಬಸವೇಶ್ವರಿ ಅತ್ತರು, ನಕ್ಕರು, ಅಲ್ಲಿಯೇ ಅರ್ಧ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ಅಷ್ಟರಲ್ಲಿ ದನಿ ಇಡೀ ಪಡಸಾಲೆಗೆ ಕೇಳುವಂತೆ, "ಹೋಗಿ ಬರುತ್ತೇನೆ. ನಾಳೆ ಮತ್ತೆ ಬರುತ್ತೇನೆ," ಎಂದಿತು.

ಯಾರೂ ಕೂಗಾಡಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಸೋದರತ್ತೆ ಮೆಲ್ಲಗೆ, "ಮತ್ತ ಯಾರ ಸಲುವಾಗಿ ಬರ್ತಾಳಂತ ಆಕಿ? ಈ ಮನ್ಯಾಗ ಇನ್ಯಾರ್ನ ನೋಡಿಟ್ಟಾಳ?" ಎಂದರು. ಬಸವೇಶ್ವರಿ ಚಷ್ಮಾ ಹಣೆಗೆ ಸರಿಸಿ, ಮಲಗಿದ್ದ ತಮ್ಮ ಕೂಸಿನ ಕಡೆ ನೋಡಿದರು. ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬಿತ್ತು.

ಕಲ್ಲಿನಾಥ ಕೈಮುಗಿದು, "ಅಕ್ಕಾರ, ನಿಮಗ ನಾವೇನೂ ಅನ್ನಂಗಿಲ್ರಿ. ಆಕಿನ್ನ ಇಲ್ಲಿಂದ ಕರಕೊಂಡು ಹೋಗ್ರಿ," ಎಂದರು. ರಮಾಬಾಯಿ ಮೆಟ್ಟಿಲು ಇಳಿದ ಮೇಲೆ ಹಿಂದಿನಿಂದ ಹೊಸ್ತಿಲಿಗೆ ನೀರು ಚೆಲ್ಲಿದ ಸಪ್ಪಳ ಕೇಳಿಸಿತು.

ಬಸ್ಸಿನ ದಾರಿಯುದ್ದಕ್ಕೂ ಅವರಿಗೆ ಆ ಹೆಣ್ಣುಮಗಳು ಕೂಸನ್ನು ನೋಡಿದ ನೋಟವೇ ಕಣ್ಣಿಗೆ ಕಟ್ಟಿತ್ತು. ಮರುದಿನ ಗುರುಶಾಂತನ ಮುಂದೆ ನಿಂತು, "ಸತ್ತ ಮನ್ಯಾಗ ಆ ಮಾತು ತಗಸ್ರಿ," ಎಂದರು. ಗುರುಶಾಂತನಿಗೆ ಬಹಳ ಖುಷಿಯಾಯಿತು. ಇಂಥದ್ದನ್ನು ಕಂಡುಹಿಡಿದರೆ ಮೇಲಿನವರು ಮೆಚ್ಚುತ್ತಾರೆ. ಸ್ಥಳೀಯ ಸಂವೇದನೆ ಎಂಬ ಹೆಸರಿನಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ಅರ್ಧ ತಾಸು ಮಾತಾಡಿದ. ಮೊದಲ ಚಿತ್ರ ಅವನದೇ. ಮೇಲಿನವರು ಮೆಚ್ಚಿದರು. ಮೂರೂ ತಾಲೂಕಿನಲ್ಲಿ ಸಾವಾದ ಮನೆಗಳಲ್ಲೆಲ್ಲ ಚಷ್ಮಾದಾಕಿ ಹೊರಡುವ ಮಾತು ಆಡಬಾರದು ಎಂದು ದೂರದಿಂದಲೇ ಅದಕ್ಕೆ ಕಲಿಸಿದರು.

ಜೇವರ್ಗಿಯ ಜಗದೇವ ಅವರದೂ ಸಾವಾದ ಮನೆಯೇ.

"ನನಗ ಹೊಳೀಲೇ ಇಲ್ರಿ ಸರ," ಎಂದರು ರಮಾಬಾಯಿ. "ಅವ್ರಿಗೆ ಸೇರಿದ್ದು ಆ ರೋಡು, ಆ ಟಂಟಂ ಅಂತ ತಿಳದಿದ್ದೆ. ಬರ್ತೇನಿ ಅನ್ನೂದಕ್ಕ ಕುಂದ್ರತಾರಂತ ಯಾರಿಗೆ ಗೊತ್ತು?"

ಆ ಸಂಜೆ ಜಗದೇವ ಚಷ್ಮಾದೊಳಗಿನ ಟಂಟಂದಲ್ಲಿ ಕುಳಿತು ಜೇವರ್ಗಿ ರೋಡಿನಲ್ಲಿ ಹೋಗಿ ಬಂದರು. ನಾಳೆ ಖರೆ ಗಾಡಿಯ ಬ್ಯಾಟರಿ ತೋರಿಸಬೇಕು ಎಂದು ಚಷ್ಮಾದಾಕಿಗೆ ಹೇಳಿದರು. ಅವಳು, "ಇವತ್ತಿಗೆ ಸಾಕು," ಎಂದಳು. ಆಮೇಲೆ ಏನೂ ಅನ್ನಲಿಲ್ಲ. ಜಗದೇವ ಚಷ್ಮಾ ಬಿಚ್ಚದೆ ಕಾದರು. ಒಲೆಯ ಮೇಲಿನ ಕುಕ್ಕರ್ ಕೂಗಿದಾಗ ಸುಮ್ಮನಿರು ಎಂಬಂತೆ ಅದರ ಕಡೆಗೆ ಕೈ ಎತ್ತಿದರು. ರಮಾಬಾಯಿ ಒಲೆ ಆರಿಸಿದರು.

"ಏನಾರ ಅನ್ನವ್ವಾ," ಎಂದರು ಜಗದೇವ.

ಬಹಳ ಹೊತ್ತಿನ ಮೇಲೆ ಚಷ್ಮಾ ಬಿಚ್ಚಿ ಹೊರಸಿನ ಮೇಲಿಟ್ಟು, "ಇದಕ್ಕೂ ಕಲಿಸಿಬಿಟ್ರು," ಎಂದರು.

ಮರುದಿನ ಅವರು ಮುಖ ತೊಳೆಯಲಿಲ್ಲ. ರಮಾಬಾಯಿ ಗುರುಶಾಂತನ ಹತ್ತಿರ ಓಡಿದರು. ತಮ್ಮದೊಂದು ಮನೆಗೆ ಆ ಮಾತು ತಿರುಗಿ ಕೊಡಿಸಿ ಎಂದು ಕೇಳಿಕೊಂಡರು. "ಮನೀಗೊಂದು ನಮೂನಿ ಮಾಡಾಕ ಬರಂಗಿಲ್ಲ ಅಕ್ಕಾರ. ನೀವ ಹೇಳಿದ್ದಲ್ಲ ಅದು? ಮ್ಯಾಲಿನವ್ರಿಗೆ ಬರದು ನೋಡ್ತೇನಿ," ಎಂದ ಅವನು. ಬರೆದನೋ ಇಲ್ಲವೋ, ಉತ್ತರ ಬರುವ ಮೊದಲೇ ಯೋಜನೆಯ ಅವಧಿ ಮುಗಿಯಿತು. ಚಷ್ಮಾಗಳನ್ನೆಲ್ಲ ಥರ್ಮಾಕೋಲಿನ ಪೆಟ್ಟಿಗೆಗಳಲ್ಲಿಟ್ಟು ಒಯ್ದರು. ಸಮಾರೋಪದಲ್ಲಿ ದೌಲತರಾಯರು ಮಾತಾಡಿದರು. ಈ ಸಲ ಎದುರಿಗೆ ಇದ್ದದ್ದು ನಾವು, ಹಾಗಾಗಿ ಅರ್ಧಕ್ಕೆ ಅರ್ಧ ಕುರ್ಚಿ ಖಾಲಿಯಾದವು.

ರಮಾಬಾಯಿ ಗಂಡನ ಮುಂದೆ ಕುಳಿತು ಇದ್ದದ್ದನ್ನು ಹೇಳಿಬಿಟ್ಟರಂತೆ. ಆ ಮಾತು ತೆಗೆಸಿದ್ದು ನಾನೇ, ಅತನೂರಿನ ಹೆಣ್ಣುಮಗಳು ಅಂಜಿಕೊಂಡಿದ್ದಳು, ಅದಕ್ಕೆ ತೆಗೆಸಿದೆ ಎಂದು. "ಏನೂ ಅನಲಿಲ್ರಿ. ಬೈದಿದ್ರ ಛಲೋ ಇತ್ತು," ಎಂದರು ನನಗೆ.

ಮೊನ್ನೆ ಒಂದು ಸಂಜೆ ಮತ್ತೆ ಆ ಮನೆಗೆ ಹೋಗಿದ್ದೆ. ಟಂಟಂ ತಾಡಪತ್ರಿಯ ಕೆಳಗೆ ಹೋಗಿತ್ತು. ಸರಿದ ಒಂದು ಅಂಚಿನಲ್ಲಿ ಗಾಜು ಕಾಣುತ್ತಿತ್ತು: ಅರ್ಧ ಒರೆಸಿದ್ದು, ಅರ್ಧ ಧೂಳು. ಜಗದೇವ ಹೊರಸಿನ ಮೇಲೆ ಬೀದಿಗೆ ಮುಖ ಮಾಡಿ ಕುಳಿತಿದ್ದರು. ರಮಾಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. "ಹೊಸ ಚಷ್ಮಾ ಬಂತಲ್ರಿ ಸರ," ಎಂದು ನನ್ನ ಮೂಗಿನ ಮೇಲಿನದನ್ನು ನೋಡಿ ಹೇಳಿದರು, ಆದರೆ ಮೊದಲಿನ ಚೇಷ್ಟೆ ಇರಲಿಲ್ಲ. ಚಹಾ ಕೊಟ್ಟರು. ಕುಡಿದೆ. ಮಳೆಯ ಮಾತು, ತೊಗರಿಯ ಮಾತು, ನನ್ನ ಮಾತೇ ಎಲ್ಲ. ಜಗದೇವ ಒಮ್ಮೆಯೂ ತಿರುಗಲಿಲ್ಲ.

ಹೊತ್ತು ಮುಳುಗಿತು, ಎದ್ದೆ. ಹೊಸ್ತಿಲವರೆಗೆ ಬಂದು ಕಾಲು ನಿಂತುಬಿಟ್ಟವು. ಊರಿನ ರೀತಿಯಂತೆ ಸುಮ್ಮನೆ ಇಳಿದು ಹೋದರೆ ಒಳಗೆ ಕುಳಿತವರಿಗೆ ಕೇಳುತ್ತದೆ. ಬರ್ತೇನಿ ಎಂದರೂ ಕೇಳುತ್ತದೆ. ಶಬ್ದಗಳ ವ್ಯಾಪಾರದಲ್ಲೇ ತಲೆ ನರೆತ ಮನುಷ್ಯ ನಾನು, ಚಪ್ಪಲಿ ಹುಡುಕುವ ನೆವದಲ್ಲಿ ಬಗ್ಗಿಕೊಂಡು, ಕೊನೆಗೆ ರಮಾಬಾಯಿಯವರನ್ನೇ ಕೇಳಿದೆ, "ಈಗ ಹೋಗೂ ಮುಂದ ನಾ ಏನನ್ಬೇಕ್ರಿ?"

ಅವರು ಮೊರದಿಂದ ಕಣ್ಣೆತ್ತಲಿಲ್ಲ.

"ಬರೂದಿದ್ರ ಬರ್ತೇನಿ ಅನ್ರಿ ಸರ. ಇಲ್ಲಾಂದ್ರ ಸುಮ್ಮ ಹೋಗ್ರಿ."